ಮುಕ್ಕಾಲಿನಿಂದ ಭಾಗಿಸುವುದೆಂದರೇನು?

ಪೂರ್ಣಸಂಖ್ಯೆಗಳ ಭಾಗಾಕಾರವನ್ನು ಅರಿಯದ ಗೃಹಸ್ಥರು ವಿರಳ. ಹನ್ನೆರಡು ತೆಂಗಿನಕಾಯಿಗಳನ್ನು ಮೂವರಿಗೆ ಹಂಚಬೇಕಾದರೆ ಅಕ್ಷರವರಿಯದವರೂ ಕ್ಷಣಮಾತ್ರದಲ್ಲಿ ಹಂಚಿಯಾರು. ಆದರೆ ಭಾಜಕವು ಮುಕ್ಕಾಲೋ ಒಂದೂಕಾಲೋ ಆದೊಡನೆ, ಹತ್ತು ವರ್ಷ ಶಾಲೆಯಲ್ಲಿ ಕಲಿತವರೂ ತಡವರಿಸುವುದುಂಟು. ‘ತಲೆಕೆಳಗು ಮಾಡಿ ಗುಣಿಸು’ ಎಂಬ ಸೂತ್ರವು ನಾಲಗೆಯ ತುದಿಯಲ್ಲಿರುತ್ತದೆ. ಯಾವುದನ್ನು ತಲೆಕೆಳಗು ಮಾಡತಕ್ಕದ್ದು, ಏತಕ್ಕೆ ಮಾಡತಕ್ಕದ್ದು ಎಂದು ಕೇಳಿದರೆ ಮಾತ್ರ ಉತ್ತರವಿಲ್ಲ. ಕುದುರೆಮುಖದ ತಪ್ಪಲಿನ ಕಳಸ, ಮೂಡಿಗೆರೆಯ ಸೀಮೆಗಳಲ್ಲಿ, ಕಾಫಿ ಮೆಣಸುಗಳ ಲೆಕ್ಕದಿಂದಲೇ ವರ್ಷದ ಅನ್ನ ನಡೆಯುವ ಮನೆಗಳಲ್ಲಿ, ಈ ತಡವರಿಕೆಯ ನಷ್ಟವು ಮಕ್ಕಳ ಪರೀಕ್ಷೆಯ ಅಂಕಗಳಷ್ಟಕ್ಕೇ ನಿಲ್ಲುವುದಿಲ್ಲ.

ಅಡುಗೆಯ ಮನೆಯಿಂದಲೇ ಆರಂಭಿಸೋಣ. ಮನೆಯಲ್ಲಿ ಎರಡೂವರೆ ಲೀಟರು ಜೇನುತುಪ್ಪವಿದೆ. ಮುಕ್ಕಾಲು ಲೀಟರು ಹಿಡಿಯುವ ಸೀಸೆಗಳಲ್ಲಿ ಅದನ್ನು ತುಂಬಬೇಕಾಗಿದೆ. ಸೀಸೆಗಳೆಷ್ಟು ಬೇಕು? ಇಲ್ಲಿ ‘ಭಾಗಿಸು’ ಎಂಬುದಕ್ಕೆ ‘ಹಂಚು’ ಎಂಬ ಅರ್ಥವನ್ನು ಹಿಡಿದರೆ ದಾರಿ ತಪ್ಪುತ್ತದೆ. ಮುಕ್ಕಾಲು ಜನಕ್ಕೆ ಹಂಚುವುದು ಯಾರಿಂದಾದೀತು? ‘ಈ ಅಳತೆಯು ಆ ಪದಾರ್ಥದಲ್ಲಿ ಎಷ್ಟು ಬಾರಿ ಅಡಗಿದೆ’ ಎಂದು ಕೇಳಿಕೊಂಡರೆ ಎಲ್ಲವೂ ತಿಳಿಯಾಗುವುದು. ಅಳೆಯುವ ಪಾತ್ರೆ ಒಂದಕ್ಕಿಂತ ಚಿಕ್ಕದಾದರೆ ಅಳತೆಗಳ ಸಂಖ್ಯೆ ಹೆಚ್ಚುವುದು ಸಹಜವಷ್ಟೆ. ಭಾಗಿಸಿದರೆ ಮೊತ್ತವು ದೊಡ್ಡದಾಗುವುದೆಂತು ಎಂಬ ಮಕ್ಕಳ ಸೋಜಿಗಕ್ಕೂ ಇದೇ ಸಮಾಧಾನ.

ಹಿಂದಿನ ತಲೆಮಾರಿನ ಗೃಹಿಣಿಯರು ಸೂತ್ರವನ್ನು ನೆಚ್ಚಿಕೊಂಡಿರಲಿಲ್ಲ. ಸೇರಿಗೆ ನಾಲ್ಕು ಪಾವು ಎಂಬುದೊಂದು ತಿಳಿದಿದ್ದರೆ ಅವರಿಗೆ ಸಾಕಾಗಿತ್ತು. ಎರಡೂವರೆ ಸೇರೆಂದರೆ ಹತ್ತು ಪಾವು, ಮುಕ್ಕಾಲು ಸೇರೆಂದರೆ ಮೂರು ಪಾವು. ಹತ್ತರಲ್ಲಿ ಮೂರು ಎಷ್ಟು ಬಾರಿ? ಎರಡನ್ನೂ ಒಂದೇ ಕಿರಿಯ ಅಳತೆಗೆ ಇಳಿಸಿದೊಡನೆ ಭಿನ್ನರಾಶಿಯು ಮಾಯವಾಗಿ, ಪೂರ್ಣಸಂಖ್ಯೆಗಳ ಭಾಗಾಕಾರವೇ ಉಳಿಯಿತು. ಗಣಿತಶಾಸ್ತ್ರದಲ್ಲಿ ‘ಸಮಚ್ಛೇದಗೊಳಿಸುವುದು’ ಎನ್ನುವುದು ಇದನ್ನೇ. 1957ರ ಏಪ್ರಿಲ್‌ನಲ್ಲಿ ಆಣೆಯ ಲೆಕ್ಕ ಹೋಗಿ ನಯಾಪೈಸೆ ಬಂದಿತು. 1958ರ ಅಕ್ಟೋಬರ್‌ನಿಂದ ಕಿಲೋಗ್ರಾಮಿನ ತೂಕಗಳು ಕಾಲಿಟ್ಟವು. ಪಾವು ಸೇರುಗಳು ಮೂಲೆ ಸೇರಿದವು. ಆದರೂ ಅಂಗಡಿಯಲ್ಲಿ ನಾವು ಇಂದಿಗೂ ‘ಕಾಲು ಕಿಲೋ’, ‘ಒಂದೂವರೆ ಲೀಟರು’ ಎಂದೇ ಕೇಳುತ್ತೇವೆ. ಅಳತೆ ಬದಲಾದರೂ ಭಿನ್ನರಾಶಿಯು ನಮ್ಮ ಮಾತನ್ನು ಬಿಟ್ಟುಹೋಗಿಲ್ಲ.

ತಲೆಕೆಳಗು ಮಾಡುವ ಕ್ರಮವಾದರೋ ಇದರದೇ ಒಳದಾರಿ. ಒಂದು ಲೀಟರಿನಲ್ಲಿ ಮುಕ್ಕಾಲಿನ ಸೀಸೆಗಳೆಷ್ಟು? ಒಂದು ತುಂಬಿ ಕಾಲು ಲೀಟರು ಮಿಕ್ಕಿತು. ಆ ಕಾಲು, ಸೀಸೆಯ ಮೂರನೆಯ ಒಂದಂಶ. ಎಂದರೆ ಒಂದು ಲೀಟರಿಗೆ 4/3 ಸೀಸೆ. ಒಂದಕ್ಕೆ 4/3 ಆದರೆ ಎರಡೂವರೆಗೆ ಎಷ್ಟೆಂದು ಗುಣಿಸುವುದಷ್ಟೇ ಉಳಿದ ಕೆಲಸ: 5/2 × 4/3 = 10/3. ತಲೆಕೆಳಗಾಗತಕ್ಕದ್ದು ಅಳೆಯುವ ಪಾತ್ರೆಯೇ ಹೊರತು ಅಳೆಯಲ್ಪಡುವ ಪದಾರ್ಥವಲ್ಲ. ಈ ವಿಧಿಯು ಪಾಶ್ಚಾತ್ಯರಿಂದ ಬಂದುದೆಂದು ಭಾವಿಸುವವರಿದ್ದಾರೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ. ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿಯೇ, ಭಾಜಕದ ಅಂಶವನ್ನು ಛೇದವಾಗಿಯೂ ಛೇದವನ್ನು ಅಂಶವಾಗಿಯೂ ಮಾಡಿ ಗುಣಾಕಾರದಂತೆ ನಡೆಯಬೇಕೆಂದು ವಿಧಿಸಿದೆ. 12ನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು.

ಜೇನಿನ ಲೆಕ್ಕದಲ್ಲಿ ಇನ್ನೊಂದು ತೊಡಕುಂಟು. ಮಗುವು ಹಲಗೆಯ ಮೇಲೆ 3⅓ ಎಂದು ಬರೆಯುತ್ತದೆ; ತಾಯಿಯು ಸೀಸೆ ತುಂಬಿ ನೋಡಿದರೆ ಮಿಕ್ಕಿರುವುದು ಕಾಲು ಲೀಟರು. ಮೂರನೆಯ ಒಂದಂಶವೋ, ಕಾಲೋ? ಎರಡೂ ಸರಿಯೇ. ಭಾಗಲಬ್ಧವು ಸೀಸೆಗಳನ್ನು ಎಣಿಸುತ್ತದೆ, ಶೇಷವು ಲೀಟರನ್ನು ಹೇಳುತ್ತದೆ. ಉತ್ತರದಲ್ಲಿನ ಭಿನ್ನವು ‘ಯಾವುದರ’ ಭಿನ್ನವೆಂದು ಕೇಳದೆ ಬಿಡುವುದೇ ಮನೆಮನೆಯ ಜಗಳಕ್ಕೆ ಮೂಲವೆಂದು ನಮಗೆ ತೋರುತ್ತದೆ.

ಈ ಜಗಳವು ಕಾಫಿಯ ಕಣಕ್ಕೆ ಬಂದಾಗ ಹಣದ ಮಾತಾಗುತ್ತದೆ. ಹಣ್ಣಿನ ಸಿಪ್ಪೆ ತೆಗೆದು, ತೊಳೆದು, ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಹೊಟ್ಟನ್ನು ಕ್ಯೂರಿಂಗ್ ಕಾರ್ಖಾನೆಯಲ್ಲಿ ಬಿಡಿಸಿದರೆ, ತೂಕದ ಸುಮಾರು ಐದರಲ್ಲಿ ನಾಲ್ಕು ಪಾಲು ಶುದ್ಧ ಬೀಜವಾಗಿ ಉಳಿಯುವುದು. 50 ಕಿಲೋ ಚೀಲಕ್ಕೆ 40 ಕಿಲೋ ಎನ್ನಿರಿ. ಈಗ, ವಿದೇಶಗಳಿಗೆ ಹೋಗುವ 60 ಕಿಲೋ ಬೀಜದ ಒಂದು ಮೂಟೆಗೆ ಪಾರ್ಚ್‌ಮೆಂಟ್ ಎಷ್ಟು ಬೇಕು? ‘ಐದನೆಯ ಒಂದು ಪಾಲು ಹೋಗುತ್ತದೆ, ಆದ್ದರಿಂದ ಐದನೆಯ ಒಂದು ಪಾಲು ಸೇರಿಸಿದರಾಯಿತು’ ಎಂದು ಅರವತ್ತಕ್ಕೆ ಹನ್ನೆರಡು ಸೇರಿಸಿ 72 ಎನ್ನುವವರು ಬಹುಮಂದಿ. ಪರೀಕ್ಷಿಸಿ ನೋಡಿರಿ: 72ರ ಐದರಲ್ಲಿ ನಾಲ್ಕು ಪಾಲು 57 ಕಿಲೋ 600 ಗ್ರಾಮು ಮಾತ್ರ. ಮೂಟೆಗೆ 2 ಕಿಲೋ 400 ಗ್ರಾಮು ಕೊರತೆ. ಇಪ್ಪತ್ತು ಮೂಟೆಗೆ 48 ಕಿಲೋ. ಸರಿಯಾದ ಲೆಕ್ಕ 60 ÷ 4/5, ಎಂದರೆ 60 × 5/4 = 75 ಕಿಲೋ. ಹೋಗುವ ಪಾಲು ಪಾರ್ಚ್‌ಮೆಂಟಿನ ಐದನೆಯ ಒಂದಂಶ, ಬೀಜದ ಐದನೆಯ ಒಂದಂಶವಲ್ಲ; ಬೀಜದ ಲೆಕ್ಕದಲ್ಲಿ ಅದು ಕಾಲಂಶವಾಗುತ್ತದೆ.

ಬೆಲೆಯಲ್ಲಿಯೂ ಇದೇ ಮೋಸ. ಪಾರ್ಚ್‌ಮೆಂಟ್ ಕಿಲೋಗೆ 400 ರೂಪಾಯಿ ಎಂದಿಟ್ಟುಕೊಂಡರೆ, ಅದೇ ಬೀಜದ ಕಿಲೋಗೆ 480 ಅಲ್ಲ, 400 ÷ 4/5 = 500 ರೂಪಾಯಿ ಬಿದ್ದಿತು. ಬೀಜವಾಗಿ ಮಾರಲೋ ಪಾರ್ಚ್‌ಮೆಂಟಾಗಿ ಕೊಡಲೋ ಎಂದು ತೂಗಿ ನೋಡುವ ಸಣ್ಣ ಬೆಳೆಗಾರನು 490ಕ್ಕೆ ಬೀಜ ಕೊಟ್ಟು ಹತ್ತು ರೂಪಾಯಿ ಗಳಿಸಿದೆನೆಂದು ಹಿಗ್ಗಿದರೆ, ವಾಸ್ತವದಲ್ಲಿ ಹತ್ತನ್ನು ಕಳೆದುಕೊಂಡಿರುತ್ತಾನೆ. ಹೊಟ್ಟು ಬಿಡಿಸಿದ ಕೂಲಿಯು ಬೇರೆ. ಅವರವರ ಕಾಫಿಯ ಗುಣಕ್ಕೆ ತಕ್ಕಂತೆ ಐದರಲ್ಲಿ ನಾಲ್ಕೆಂಬುದು ತುಸು ಏರಿಳಿಯುವುದರಿಂದ, ತಮ್ಮ ಕಣದ ಕಾಫಿಯನ್ನು ಮಾದರಿ ತೂಗಿಸಿಯೇ ಲೆಕ್ಕ ಹಾಕುವುದು ಲೇಸು.

ನೆಲದ ಲೆಕ್ಕಕ್ಕೆ ಗುಂಟೆಯೇ ಪಾವು. ಎಕರೆಗೆ 40 ಗುಂಟೆ. ಮೂರೂವರೆ ಎಕರೆ ತೋಟದ ಕಳೆಯನ್ನು ದಿನಕ್ಕೆ ಮುಕ್ಕಾಲೆಕರೆಯಂತೆ ತೆಗೆಯುವ ಆಳುಗಳ ಗುಂಪಿಗೆ, 140ರಲ್ಲಿ 30 ಎಷ್ಟು ಬಾರಿಯೆಂದು ನೋಡಿದರೆ, 4⅔ ದಿನ ಬೇಕು. ಉಳಿಯುವ ನೆಲ ಅರ್ಧ ಎಕರೆ. ಕೆಲಸ ಒಂದು ದಿನದ ಮೂರರಲ್ಲಿ ಎರಡು ಪಾಲು. ಊಟಕ್ಕೆ ಅಕ್ಕಿ ಅಳೆಯುವವರು ಐದು ದಿನಕ್ಕೆ ಅಳೆಯಬೇಕು. ಜೇನಿಗೆ ಸೀಸೆ ಕೊಳ್ಳುವವರು ನಾಲ್ಕನ್ನು ಕೊಳ್ಳಬೇಕು, ತುಂಬಿದ ಸೀಸೆಗಳನ್ನು ನೆಂಟರಿಗೆ ಕೊಡುವವರು ಮೂರನ್ನೇ ಲೆಕ್ಕಕ್ಕೆ ಹಿಡಿಯಬೇಕು. ಅದು ಗಣಿತವು ನಿರ್ಧರಿಸುವ ಮಾತಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳಿಗೆ ಈ ಲೆಕ್ಕವನ್ನು ಕೊಟ್ಟು ನೋಡಬಹುದು. ಹಸಿಮೆಣಸು ಒಣಗಿದರೆ ಸುಮಾರು ಮೂರರಲ್ಲಿ ಒಂದು ಪಾಲಾಗುತ್ತದೆ. ವರ್ಷದ ಬಳಕೆಗೆಂದು ಎರಡೂವರೆ ಕಿಲೋ ಒಣಮೆಣಸು ಬೇಕಾದರೆ, ಬಳ್ಳಿಯಿಂದ ಎಷ್ಟು ಕೊಯ್ಯಬೇಕು? ಏಳೂವರೆ ಎಂದವರನ್ನು ಅಷ್ಟಕ್ಕೇ ಬಿಡದೆ, ಹೋದ ನೀರಿನ ತೂಕವು ಹಸಿಮೆಣಸಿನ ಎಷ್ಟನೆಯ ಪಾಲು, ಒಣಮೆಣಸಿನ ಎಷ್ಟರಷ್ಟು ಎಂದೂ ಕೇಳಿರಿ.