ಮರುವಾಯಿಗೆ ಒಣ ಲೆಕ್ಕವೋ, ಹಸಿ ಲೆಕ್ಕವೋ?

ಮರುವಾಯಿ ಸುಕ್ಕ ಎಂದರೆ ನಮ್ಮೂರಲ್ಲಿ ಯಾರ ಬಾಯಲ್ಲಿ ನೀರೂರುವುದಿಲ್ಲ ಹೇಳಿ! ಆದರೆ ಈ ಚಿಪ್ಪಿನ ಪ್ರಾಣಿಗೊಂದು ಚಾಳಿ. ಅಳಿವೆಯ ಕೆಸರಲ್ಲಿ ಕೂತು ನೀರು ಸೋಸಿ ಸೋಸಿಯೇ ಹೊಟ್ಟೆ ಹೊರೆಯುತ್ತದೆ. ನೀರಲ್ಲಿ ಸೀಸ, ಕ್ಯಾಡ್ಮಿಯಂ, ಪಾದರಸ ಇದ್ದರೆ ಅವೂ ಮಾಂಸದಲ್ಲಿ ಜಮಾ. ರಾತ್ರಿ ನೀರಲ್ಲಿ ಹಾಕಿಟ್ಟರೆ ಹೊಯಿಗೆ ಬಿಡುತ್ತದೆ, ಲೋಹ ಬಿಡುವುದಿಲ್ಲ. ಕುದಿಸಿದರೆ ರೋಗಾಣು ಸಾಯುತ್ತದೆ, ಲೋಹ ಸಾಯುತ್ತದೆಯೇ?

ಜಪಾನಿನ ಮಿನಮಾಟಾ ಕೊಲ್ಲಿಯಲ್ಲಿ ಕಾರ್ಖಾನೆಯ ಪಾದರಸ ಸೇರಿದ ಮೀನು, ಚಿಪ್ಪು ತಿಂದವರ ಕೈಕಾಲು ನಡುಗಿತು, ಮಾತು ತೊದಲಿತು. ಅದು ಅಧಿಕೃತವಾಗಿ ದಾಖಲಾದದ್ದು 1956ರಲ್ಲಿ. ಪರೀಕ್ಷೆ ಬೇಕೇ ಬೇಕು.

ಹೇಗೆ ಮಾಡ್ತಾರೆ? ಮಾಂಸ ಬಿಡಿಸಿ, ತೊಳೆದು, ಒಣಗಿಸಿ, ಪುಡಿಮಾಡಿ ತೂಗುತ್ತಾರೆ. ಆಮೇಲೆ ನೈಟ್ರಿಕ್ ಆಸಿಡ್ಡಿನಲ್ಲಿ (ಅಕ್ಕಸಾಲಿಗರ ಅಂಗಡಿಯದ್ದೇ) ಬಿಸಿಮಾಡಿ ಕರಗಿಸುತ್ತಾರೆ. ಮಾಂಸ ಮಾಯ, ಲೋಹ ಮಾತ್ರ ದ್ರಾವಣದಲ್ಲಿ. ಅಂಶ ತೀರಾ ಕಡಿಮೆಯಿದ್ದರೆ ಲೋಹವನ್ನು ಹಿಡಿದುಕೊಳ್ಳುವ ರಸಾಯನಿಕ ಹಾಕಿ, ನೀರಿನೊಡನೆ ಬೆರೆಯದ ದ್ರಾವಕದ ಜೊತೆ ಕುಲುಕುತ್ತಾರೆ. ಲೋಹ ಎಣ್ಣೆಯಂತೆ ಮೇಲೆ ನಿಂತ ಆ ಪದರಕ್ಕೆ ಏರುತ್ತದೆ. ಅದನ್ನು ಜ್ವಾಲೆಗೆ ಊದಿದಾಗ ಲೋಹ ಎಷ್ಟು ಬೆಳಕು ನುಂಗಿತೆಂದು ಯಂತ್ರ ಅಳೆಯುತ್ತದೆ. ಪಾದರಸ ಮಾತ್ರ ಆವಿಯಾಗಿ ಹಾರುವ ಕಳ್ಳ, ಅದಕ್ಕೆ ಬೇರೆಯೇ ವಿಧಾನ. ಮಾಂಸ ಹಾಕದ ಬರೀ ಆಸಿಡ್ಡನ್ನೂ ಹೀಗೇ ಪರೀಕ್ಷಿಸಬೇಕು. ಇಲ್ಲದಿದ್ದರೆ ಬಾಟಲಿಯ ಕೊಳೆಯ ಪಾಪ ಮರುವಾಯಿಯ ತಲೆಗೆ!

ಇನ್ನು ಅಸಲು ವಿಷಯ. ಅಂತಾರಾಷ್ಟ್ರೀಯ ಆಹಾರ ಸಂಹಿತೆಯಾದ ಕೋಡೆಕ್ಸ್ ಪ್ರಕಾರ ಮರುವಾಯಿ, ಪಚ್ಚಿಲೆಗಳಲ್ಲಿ ಕ್ಯಾಡ್ಮಿಯಂ ಕಿಲೋಗೆ 2 ಮಿಲಿಗ್ರಾಂ ಮೀರಬಾರದು. ಯುರೋಪಿನವರ ಮಿತಿ 1. ಅಂದರೆ ನೂರು ಕ್ವಿಂಟಾಲ್ ಅಕ್ಕಿಯ ಲಾರಿಯಲ್ಲಿ 10 ಗ್ರಾಂ! ಇವೆಲ್ಲ ಹಸಿ ಮಾಂಸದ ಲೆಕ್ಕ. ಸಂಶೋಧಕರ ವರದಿಯಲ್ಲಿ ಎಷ್ಟೋ ಸಲ ಇರುವುದು ಒಣ ಲೆಕ್ಕ. ಹಸಿ ಮಾಂಸದಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ನೀರು. ಒಣ ಲೆಕ್ಕದ 5 ಅಂದರೆ ಹಸಿಯಲ್ಲಿ 1.

ಇದು ತಿಳಿಯದೆ ಬಸ್ಸಿನಲ್ಲಿ ಒಬ್ಬ "ಐದು ಬಂತಂತೆ ಮಾರಾಯ್ರೇ" ಅಂದರೆ ಸಾಕು, ಸೊಂಟದ ತನಕ ನೀರಲ್ಲಿ ನಿಂತು ಹೆಕ್ಕಿ ತಂದ ಹೆಂಗಸಿನ ಬುಟ್ಟಿ ಸಂಜೆಯಾದರೂ ಖಾಲಿಯಾಗುವುದಿಲ್ಲ. ಉಲ್ಟಾ ಆದರೆ ಇನ್ನೂ ಕಷ್ಟ. ಹಸಿಯಲ್ಲೇ 5 ಬಂದದ್ದನ್ನು ಒಣ ಲೆಕ್ಕವೆಂದು ತೇಲಿಸಿಬಿಟ್ಟರೆ ವರ್ಷಗಟ್ಟಲೆ ತಿಂದವನ ಮೂತ್ರಪಿಂಡಕ್ಕೇ ಪೆಟ್ಟು.

ಪರೀಕ್ಷೆ ಮಾಡುವವರು ವರದಿಯನ್ನು ಕಪಾಟಿನಲ್ಲಿ ಇಡುವುದು ಬೇಡ. ಕನ್ನಡದಲ್ಲಿ ಬರೆದು ಮೀನು ಮಾರ್ಕೆಟ್ಟಿನ ಬೋರ್ಡಿಗೆ ಹಾಕಲಿ. ಯಾವ ಅಳಿವೆ, ಯಾವ ತಿಂಗಳು, ಒಣದ್ದೋ ಹಸಿಯದ್ದೋ, ಅದೂ ಇರಲಿ.