ಶೇಕಡಾವಾರು ನೋಡುವ ಮೊದಲು ಹಾಜರಿ ಪುಸ್ತಕ ನೋಡಿ

ಎಸೆಸೆಲ್ಸಿ ಫಲಿತಾಂಶ ಬಂದ ದಿನ ನಮ್ಮ ಜಿಲ್ಲೆಗೆ ಹಬ್ಬ. 2025ರ ಪರೀಕ್ಷೆ-1ರಲ್ಲಿ ದಕ್ಷಿಣ ಕನ್ನಡ ಶೇ. 91.12 ಪಡೆದು ರಾಜ್ಯಕ್ಕೇ ಮೊದಲು ಬಂತು. ಅದರ ಹಿಂದಿನ ವರ್ಷ ಉಡುಪಿಯ ನಂತರದ ಎರಡನೇ ಸ್ಥಾನ. ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ‘ಮಾಷಾ ಅಲ್ಲಾಹ್’ ಸಾಲುಸಾಲು. ಒಳ್ಳೆಯದೇ. ಆದರೆ ಹತ್ತನೇ ಕ್ಲಾಸಿನ ಅಂಕಕ್ಕೆ ಪಂಚಾಂಗ ಬೀಳುವುದು ಒಂದನೇ ಕ್ಲಾಸಿನಲ್ಲಿ. ಆ ಒಂದನೇ ಕ್ಲಾಸಿನ ಬಗ್ಗೆ ನಮ್ಮ ಮನೆಗಳಲ್ಲಿ ನಡೆಯುವ ಮಾತು ಎಂತದ್ದು? ಇಂಗ್ಲಿಷ್ ಮೀಡಿಯಮ್ಮಾ, ಡೊನೇಷನ್ ಎಷ್ಟು, ವ್ಯಾನ್ ಮನೆ ಬಾಗಿಲಿಗೆ ಬರುತ್ತದಾ, ಅಷ್ಟೇ.

ಬೆಳಿಗ್ಗೆ ಎಂಟು ಗಂಟೆಗೆ ಕದ್ರಿ ಮಲ್ಲಿಕಟ್ಟೆಯಲ್ಲೋ ನಂತೂರಿನಲ್ಲೋ ನಿಂತರೆ ಒಂದರ ಹಿಂದೆ ಒಂದು ಶಾಲಾ ವ್ಯಾನ್. ಅದರಲ್ಲಿ ನಮ್ಮ ಮಕ್ಕಳೂ ಉಂಟು. ಹತ್ತಿರದ ಸರ್ಕಾರಿ ಶಾಲೆಯ ವಿಷಯ ತೆಗೆದರೆ ಬರುವ ಉತ್ತರ ಒಂದೇ: ‘ಅಲ್ಲಿ ಘಟ್ಟದವರ ಮಕ್ಕಳೇ ಅಲ್ವಾ ಇರುವುದು?’

ಹೌದು, ಮಂಗಳೂರು ನಗರದ ಎಷ್ಟೋ ಸರ್ಕಾರಿ ಪ್ರಾಥಮಿಕ ಶಾಲೆಗಳ ಬೆಂಚು ಇವತ್ತು ತುಂಬಿರುವುದು ಬಾಗಲಕೋಟೆ, ಕೊಪ್ಪಳ, ರಾಯಚೂರು, ವಿಜಯಪುರದಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳಿಂದ. ಬಿಹಾರ, ನೇಪಾಳದ ಮಕ್ಕಳೂ ಇದ್ದಾರೆ. ನಮ್ಮ ಫ್ಲ್ಯಾಟಿನ ಗೋಡೆ ಕಟ್ಟಿದವರು, ಗೇಟು ಕಾಯುವವರು ಅವರೇ. ಅವರೂ ಇಲ್ಲದಿದ್ದರೆ ಕೆಲವು ಶಾಲೆಗಳಿಗೆ ಎಂದೋ ಬೀಗ ಬೀಳುತ್ತಿತ್ತು.

ಈ ಮಕ್ಕಳು ಬರುವುದು ಜೂನ್‌ನಲ್ಲೇ ಅಂತ ಇಲ್ಲ. ಅಪ್ಪನ ಸೈಟು ಎಲ್ಲಿ ಶುರುವಾಯಿತೋ ಅಲ್ಲಿಗೆ, ನವೆಂಬರಿನಲ್ಲೂ ಬರುತ್ತಾರೆ. ಊರಿನ ಜಾತ್ರೆಗೆ ಹೋದವರು ತಿಂಗಳು ಬಿಟ್ಟು ಮರಳುತ್ತಾರೆ. ಸೈಟು ಮುಗಿದರೆ ಅರ್ಧದಲ್ಲೇ ಹೊರಟರು. ವರ್ಷದ ಕೊನೆಗೆ ಶಾಲೆಯ ಸರಾಸರಿ ಲೆಕ್ಕ ಹಾಕುವಾಗ ಇವರೂ ಅದರೊಳಗೆ. ಇನ್ನೊಂದು ಕಡೆ ಖಾಸಗಿ ಶಾಲೆ ಮಗುವನ್ನೂ ಅಪ್ಪ-ಅಮ್ಮನನ್ನೂ ‘ಇಂಟರ್‌ವ್ಯೂ’ ಮಾಡಿ ಸೇರಿಸಿಕೊಳ್ಳುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಇಂಟರ್‌ವ್ಯೂ, ಡೊನೇಷನ್ ಎರಡೂ ನಿಷಿದ್ಧ. ಅದು ಬೇರೆ ಮಾತು. ಮೊದಲೇ ಆರಿಸಿ ತೆಗೆದ ಮಕ್ಕಳ ಅಂಕವನ್ನೂ, ಬಂದವರನ್ನೆಲ್ಲ ಸೇರಿಸಿಕೊಂಡ ಶಾಲೆಯ ಅಂಕವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಸಿಗುವುದು ಟೀಚರ ತೂಕ ಅಲ್ಲ ಮಾರಾಯ್ರೆ, ಮನೆಯ ತೂಕ.

ಇನ್ನೊಂದು ವಿಷಯ ನಮಗೆ ಬೇಗ ಕಾಣುವುದಿಲ್ಲ. ಅದೇ ಕಾಯ್ದೆಯಲ್ಲಿ ಒಂದರಿಂದ ಐದನೇ ಕ್ಲಾಸಿನವರೆಗೆ 60 ಮಕ್ಕಳ ತನಕ ಇಬ್ಬರು ಟೀಚರ್, 61ರಿಂದ 90ಕ್ಕೆ ಮೂವರು, 120ರ ತನಕ ನಾಲ್ವರು ಎಂಬ ಲೆಕ್ಕ ಉಂಟು. ನಾವು ಹತ್ತು ಮನೆಯವರು ಮಕ್ಕಳನ್ನು ಬಿಡಿಸಿ 65 ಇದ್ದದ್ದು 55 ಆಯಿತು ಅಂತ ಇಟ್ಟುಕೊಳ್ಳಿ. ಒಬ್ಬರು ಟೀಚರ್ ‘ಹೆಚ್ಚುವರಿ’ ಆಗುತ್ತಾರೆ, ಬೇರೆ ಶಾಲೆಗೆ ವರ್ಗ. ಉಳಿದ ಇಬ್ಬರು ಐದು ಕ್ಲಾಸು ನೋಡಬೇಕು, ನಡುವೆ ಬಿಸಿಯೂಟ, ಹಾಲು, ಮೊಟ್ಟೆ, ಆನ್‌ಲೈನ್ ದಾಖಲೆ, ಚುನಾವಣೆ ಡ್ಯೂಟಿ. ಮುಂದಿನ ವರ್ಷ ಕಲಿಕೆ ಇನ್ನಷ್ಟು ಕುಸಿಯುತ್ತದೆ. ಆಗ ಉಳಿದವರೂ ಹೇಳುತ್ತಾರೆ, ‘ಅಲ್ಲಿ ಟೀಚರೇ ಇಲ್ಲ.’

ನಮ್ಮ ಮಕ್ಕಳದ್ದೇ ಒಂದು ವಿಶೇಷ ಉಂಟು: ಭಾಷೆ. ಮನೆಯಲ್ಲಿ ಉಮ್ಮನ ಹತ್ತಿರ ಬ್ಯಾರಿ, ಬೀದಿಯಲ್ಲಿ ತುಳು, ಬೆಳಿಗ್ಗೆ ಮದ್ರಸದಲ್ಲಿ ಬಲದಿಂದ ಎಡಕ್ಕೆ ಓದುವ ಅರಬಿ ಅಕ್ಷರ, ಹತ್ತು ಗಂಟೆಗೆ ಎಡದಿಂದ ಬಲಕ್ಕೆ ಕನ್ನಡ ಅಥವಾ ಇಂಗ್ಲಿಷ್. ಆರು ವರ್ಷದ ಮಗು ಇಷ್ಟನ್ನು ಹೊತ್ತುಕೊಂಡು ಹೋಗುತ್ತದೆ. ಇದು ಭಾರ ಮಾತ್ರ ಅಲ್ಲ, ಬಂಡವಾಳವೂ ಹೌದು. ಆದರೆ ಅಕ್ಷರ ಗಟ್ಟಿಯಾಗುವ ಮೊದಲು ಮನೆಯಲ್ಲೂ ಬೀದಿಯಲ್ಲೂ ಕಿವಿಗೆ ಬೀಳದ ಭಾಷೆಯಲ್ಲಿ ಪಾಠ ಶುರುವಾದರೆ ಬಾಯಿಪಾಠ ಮಾತ್ರ ಬರುತ್ತದೆ. ಇಂಗ್ಲಿಷ್ ಬೇಡ ಅಂತ ಯಾರೂ ಹೇಳುತ್ತಿಲ್ಲ. 2019-20ರಿಂದ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆದದ್ದು ತಂದೆ-ತಾಯಿಯರ ಇದೇ ಆಸೆಗೆ.

ಇಂಗ್ಲಿಷ್‌ನಲ್ಲಿ ಕಿತ್ತಳೆಯ ರೇಟು ಕೇಳಿದಾಗ ಉತ್ತರಿಸಲು ಆಗದ ಹರೇಕಳ ಹಾಜಬ್ಬರ ಕಥೆ ಎಲ್ಲರಿಗೂ ಗೊತ್ತು. 2020ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಇಡೀ ದೇಶ ಕೇಳಿತು. ಆ ಕಥೆಯಲ್ಲಿ ನಾವು ದಾಟಿ ಹೋಗುವ ಒಂದು ಅಂಕಿ ಉಂಟು: 28. ನ್ಯೂಪಡ್ಪುವಿನ ಮದ್ರಸ ಕಟ್ಟಡದಲ್ಲಿ ಶಾಲೆ ಆರಂಭವಾದದ್ದು 28 ಮಕ್ಕಳಿಂದ. ಮತ್ತೆ ಗಮನಿಸಿ, ಅವರು ಕೇಳಿದ್ದು ಸರ್ಕಾರಿ ಶಾಲೆ, ನಡೆಸಿದ್ದು ಜಿಲ್ಲಾ ಪಂಚಾಯತ್. ಜಾಗಕ್ಕೆ, ಕೋಣೆಗೆ ಆಫೀಸಿನಿಂದ ಆಫೀಸಿಗೆ ಅಲೆದವರು ಕಿತ್ತಳೆ ಮಾರುವವರು. ಹಾಜಬ್ಬರಿಗೆ ಸನ್ಮಾನ ಮಾಡದ ಜಮಾಅತ್ ಇಲ್ಲ, ಶಾಲು ಹೊದಿಸಿ ಫೋಟೋ ತೆಗೆಸಿಕೊಂಡದ್ದೂ ಆಯಿತು. ನಮ್ಮ ವಾರ್ಡಿನ ಸರ್ಕಾರಿ ಶಾಲೆಯ ಅಂಗಳಕ್ಕೆ ಒಮ್ಮೆಯಾದರೂ ಕಾಲಿಟ್ಟವರು ಎಷ್ಟು ಜನ?

ಕಾಲಿಡುವುದಕ್ಕೆ ದಾರಿ ಉಂಟು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ. ಕಾಯ್ದೆ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆ-ತಾಯಿ ಅಥವಾ ಪೋಷಕರೇ, ಅರ್ಧದಷ್ಟು ಹೆಂಗಸರು. ನಮ್ಮ ಉಮ್ಮಂದಿರು ಈ ಸಭೆಯಲ್ಲಿ ಹಿಂದಿನ ಕುರ್ಚಿಯಲ್ಲಿ ಕೂತು ಸಹಿ ಹಾಕಿ ಬರುವುದಲ್ಲ, ಟೀಚರ್ ಹುದ್ದೆ ಯಾಕೆ ಖಾಲಿ ಎಂದು ಕೇಳಬೇಕು. ಕೇಂದ್ರದ ಅಲ್ಪಸಂಖ್ಯಾತ ಪ್ರಿ-ಮೆಟ್ರಿಕ್ ವಿದ್ಯಾರ್ಥಿವೇತನ 2022-23ರಿಂದ 9 ಮತ್ತು 10ನೇ ತರಗತಿಗೆ ಮಾತ್ರ ಸೀಮಿತವಾಗಿದೆ. ಚಿಕ್ಕ ಕ್ಲಾಸಿನ ಬಡ ಮಗುವಿಗೆ ಆ ಆಸರೆಯೂ ಹೋಯಿತು. ಜಮಾಅತ್‌ನ ಶಿಕ್ಷಣ ನಿಧಿ ಪಿಯುಸಿಯಿಂದಲೇ ಯಾಕೆ ಶುರುವಾಗಬೇಕು?

ಇನ್ನು ಮನೆಯಲ್ಲೇ ಮಾಡಬಹುದಾದ ಪರೀಕ್ಷೆ. ಹಳ್ಳಿಗಳ ಮಕ್ಕಳ ಕಲಿಕೆ ಅಳೆಯುವ ‘ಅಸರ್’ ಸಮೀಕ್ಷೆಯವರು ಐದನೇ ಕ್ಲಾಸಿನ ಮಗುವಿನ ಕೈಗೂ ಎರಡನೇ ಕ್ಲಾಸಿನ ಮಟ್ಟದ ಪಾಠ ಕೊಟ್ಟು ಓದಿಸುತ್ತಾರೆ. ನಗರದಲ್ಲಿ ಅವರು ಬರುವುದಿಲ್ಲ, ನೀವೇ ಮಾಡಿ. ಸರ್ಕಾರಿಯಾಗಲಿ, ಲಕ್ಷ ಫೀಸಿನ ಶಾಲೆಯಾಗಲಿ, ಇವತ್ತು ರಾತ್ರಿ ಊಟ ಆದ ಮೇಲೆ ಮೊದಲೇ ಓದದ ಒಂದು ಪುಟ ಕೊಟ್ಟು ಗಟ್ಟಿಯಾಗಿ ಓದಿಸಿ, ಅದರಲ್ಲಿ ಏನಾಯಿತು ಅಂತ ಬ್ಯಾರಿಯಲ್ಲೇ ಕೇಳಿ. ಅಡ್ಮಿಷನ್‌ಗೆ ಶಾಲೆ ನೋಡಲು ಹೋದಾಗಲೂ ಕಳೆದ ವರ್ಷದ ಶೇಕಡಾವಾರು ಕೇಳುವ ಮೊದಲು ಹೆಡ್‌ ಟೀಚರ ಹತ್ತಿರ ಎರಡು ಪ್ರಶ್ನೆ ಕೇಳಿ: ಒಂದನೇ ಕ್ಲಾಸಿಗೆ ಸೇರಿದವರಲ್ಲಿ ಐದನೇ ಕ್ಲಾಸಿನ ತನಕ ಇಲ್ಲೇ ಉಳಿದವರು ಎಷ್ಟು ಮಂದಿ, ಮೂರನೇ ಕ್ಲಾಸಿನಲ್ಲಿ ತಡವರಿಸದೆ ಓದುವವರು ಎಷ್ಟು ಮಂದಿ.