ಟ್ರೈ ಗಳಿಸುವವನು ಒಬ್ಬ, ದಾರಿ ಮಾಡುವವನು ಇನ್ನೊಬ್ಬ

ಸಂವೇಗದ ಪಾಠ ಮಾಡುವಾಗ ಲಾರಿ, ಸೈಕಲ್ಲುಗಳ ಉದಾಹರಣೆ ಕೊಟ್ಟು ಕೊಟ್ಟು ನನಗೇ ಬೇಸರ ಬಂದಿದೆ. ಆಸ್ಟ್ರೇಲಿಯ ಹಾಗೂ ಉತ್ತರ ಇಂಗ್ಲೆಂಡಿನಲ್ಲಿ ಜನಪ್ರಿಯವಾದ ರಗ್ಬಿ ಲೀಗ್ ಆಟದಲ್ಲಿ ಇದಕ್ಕಿಂತ ಸ್ವಾರಸ್ಯವಾದ ಉದಾಹರಣೆ ಸಿಗುತ್ತದೆ.

ಈ ಆಟ ಹುಟ್ಟಿದ್ದೇ ದುಡಿಯುವವರಿಂದ. ಶನಿವಾರ ಆಡಲು ಹೋದ ಗಣಿ, ಗಿರಣಿ ಕಾರ್ಮಿಕರಿಗೆ ಕಳೆದುಕೊಂಡ ಕೂಲಿ ತುಂಬಿಕೊಡಬೇಕೇ ಬೇಡವೇ ಎಂಬ ಜಗಳದಲ್ಲಿ, 1895ರಲ್ಲಿ ಹಡರ್ಸ್‌ಫೀಲ್ಡ್ ಪಟ್ಟಣದಲ್ಲಿ ಸಭೆ ಸೇರಿದ ಉತ್ತರದ ಕ್ಲಬ್ಬುಗಳು ಹಳೆಯ ರಗ್ಬಿಯಿಂದ ಸಿಡಿದು ಬೇರೆಯಾದವು.

ತಂಡಕ್ಕೆ 13 ಮಂದಿ. ಅವರಲ್ಲಿ 6 ಜನ ಫಾರ್ವರ್ಡ್‌ಗಳು. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ, ಹೊತ್ತುಕೊಂಡೇ ನುಗ್ಗಬೇಕು. 6 ಸಲ ಹಿಡಿತಕ್ಕೆ ಸಿಕ್ಕರೆ ಚೆಂಡು ಎದುರಾಳಿಗೆ. ಪ್ರತಿ ಸಲ ಕೆಳಗೆ ಬಿದ್ದವನು ಎದ್ದು ನಿಂತು ಕಾಲಿನಿಂದ ಚೆಂಡನ್ನು ಹಿಂದಕ್ಕೆ ಉರುಳಿಸುತ್ತಾನೆ. ಅಷ್ಟರೊಳಗೆ, ಅವನೆದುರು ನಿಲ್ಲುವ ಒಬ್ಬಿಬ್ಬರನ್ನು ಬಿಟ್ಟು ಉಳಿದ ರಕ್ಷಕರು 10 ಮೀಟರ್ ಹಿಂದೆ ಸರಿದಿರಬೇಕು.

ಇನ್ನು ಲೆಕ್ಕ. 110 ಕಿಲೋ ತೂಕದ ಫಾರ್ವರ್ಡ್ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬಂದರೆ ಸಂವೇಗ 550. ಅದನ್ನು ಒಬ್ಬನೇ ತಡೆಯುವುದು ಕಷ್ಟ, ಮೂವರು ಮೇಲೆ ಬೀಳಬೇಕಾಗುತ್ತದೆ. ಮೈದಾನದ ಅಗಲ 68 ಮೀಟರ್. 13ರಲ್ಲಿ ಮೂವರು ನೆಲದಲ್ಲಿ, ಒಬ್ಬ ತೀರ ಹಿಂದೆ. ಉಳಿದ 9 ಮಂದಿ ತಲಾ ಏಳೂವರೆ ಮೀಟರ್ ಕಾಯಬೇಕು. ಇಬ್ಬರೇ ಹಿಡಿದಿದ್ದರೆ 10 ಮಂದಿ ಉಳಿದು ಆ ಅಂತರ 6.8 ಮೀಟರಿಗೆ ಇಳಿಯುತ್ತಿತ್ತು. ಅಂದರೆ ಚೆಂಡು ಹೊತ್ತವನು ಬಿದ್ದರೂ ಬೇಲಿಯಲ್ಲಿ ಸಂದು ಬಿಡಿಸಿರುತ್ತಾನೆ. ಅವನು ಚಕ್ಕನೆ ಎದ್ದರಂತೂ ರಕ್ಷಕರು ಇನ್ನೂ ಹಿಂದಕ್ಕೆ ಹೆಜ್ಜೆ ಹಾಕುತ್ತಿರುವಾಗಲೇ ಮುಂದಿನ ದಾಳಿ ಶುರುವಾಗುತ್ತದೆ. ಹಾಫ್‌ಬ್ಯಾಕ್‌ನ ಚಾಣಾಕ್ಷ ಪಾಸು ಎಂದು ನಾವು ಮೆಚ್ಚುವುದರಲ್ಲಿ ಅರ್ಧ ಪಾಲು ಈ ಎದ್ದೇಳುವಿಕೆಯದು ಎಂದೇ ನನ್ನ ಅನಿಸಿಕೆ.

ಆದರೆ ಆಟ 80 ನಿಮಿಷದ್ದು. ದಣಿದು ವೇಗ 3 ಮೀಟರಿಗೆ ಇಳಿದರೆ ಸಂವೇಗ 330. ಚಲನಶಕ್ತಿಯೋ 1375 ಜೌಲ್‌ನಿಂದ 495ಕ್ಕೆ ಕುಸಿಯುತ್ತದೆ, ಏಕೆಂದರೆ ಅಲ್ಲಿ ವೇಗದ ವರ್ಗ ಬರುತ್ತದೆ. (ಮಕ್ಕಳೇ, ನೀವೇ ಗುಣಿಸಿ ನೋಡಿ.) ಆಮೇಲೆ ಅವನನ್ನು ಹಿಡಿಯಲು ಇಬ್ಬರೇ ಸಾಕು. ಆದ್ದರಿಂದ ಮೊದಲ ಓಟಕ್ಕಿಂತ ಹದಿನೈದನೆಯ ಓಟ ಹೇಗಿದೆ ಎಂಬುದೇ ಮುಖ್ಯ.

ಚೆಂಡಿಲ್ಲದ ಓಟವೂ ದುಡಿಮೆಯೇ. ಪಾಸು ಸಿಕ್ಕೇ ಸಿಗುತ್ತದೆ ಎಂಬಂತೆ ನುಗ್ಗುವ ಫಾರ್ವರ್ಡ್‌ನತ್ತ ರಕ್ಷಕ ಒಂದು ಹೆಜ್ಜೆ ತಿರುಗಿದರೆ ಸಾಕು, ಚೆಂಡು ಅವನ ಬೆನ್ನ ಹಿಂದಿನಿಂದ ಅಂಚಿನ ಆಟಗಾರನಿಗೆ ಹೋಗುತ್ತದೆ. ಯಾವ ಅಂಕಪಟ್ಟಿಯಲ್ಲೂ ಈ ಓಟ ಕಾಣುವುದಿಲ್ಲ.

2023ರ ಅಕ್ಟೋಬರ್ 1ರಂದು ಸಿಡ್ನಿಯಲ್ಲಿ ನಡೆದ ಆಸ್ಟ್ರೇಲಿಯದ ಲೀಗ್ ಫೈನಲ್‌ನಲ್ಲಿ, ಬ್ರಿಸ್ಬೇನ್ ವಿರುದ್ಧ ಪೆನ್ರಿತ್ ತಂಡ ದ್ವಿತೀಯಾರ್ಧದಲ್ಲಿ 8-24ರಿಂದ ಹಿಂದಿತ್ತು. ಹಾಫ್‌ಬ್ಯಾಕ್ ನೇಥನ್ ಕ್ಲಿಯರಿ ರಕ್ಷಣಾ ಸಾಲನ್ನು ಸೀಳಿಕೊಂಡು ಹೊರಟ. ಅಷ್ಟು ಹೊತ್ತಿಗೆ ಕಾಲು ಸೋತಿರಬೇಕಾಗಿದ್ದ ಮುಂಚೂಣಿಯ ಫಾರ್ವರ್ಡ್ ಮೋಸೆಸ್ ಲಿಯೊಟಾ ಅವನ ಪಕ್ಕದಲ್ಲೇ ಇದ್ದ. ಪಾಸು ಪಡೆದು ಟ್ರೈ ಗಳಿಸಿದ. ಬಳಿಕ ಸ್ಟೀಫನ್ ಕ್ರೈಟನ್ ಒಂದು, ಕ್ಲಿಯರಿ ಒಂದು ಟ್ರೈ ಸೇರಿಸಿ ಪೆನ್ರಿತ್ 26-24ರಿಂದ ಗೆದ್ದಿತು. ಪಂದ್ಯಶ್ರೇಷ್ಠನ ಪದಕ ಕ್ಲಿಯರಿಗೆ ಸಂದಿತು.